ಚಿಮರೋಸಾ ಬಿಟ್ಟ ಜಾಗ

ಜುಲೈ ಪೂರ್ತಿ ಮಳೆ. ಮಂಗಳೂರಿನ ಫಳ್ನೀರಿನಲ್ಲಿರುವ ನಮ್ಮ ಟೀಚರ ಪಿಯಾನೋದಲ್ಲಿ ತೀರಾ ಮೇಲಿನ ಎರಡು ಕೀಗಳು ಒತ್ತಿದರೆ ವಾಪಸ್ ಬರುವುದಿಲ್ಲ. ತೇವ ಹೋಗಲಿ ಅಂತ ಒಳಗೆ ಬಲ್ಬ್ ಉರಿಸಿಟ್ಟಿದ್ದಾರೆ. ಆ ಎರಡು ಕೀ ಬೇಡದ ಪಾಠ ಹುಡುಕಿ ಅವರು ನನ್ನ ಮುಂದಿಟ್ಟದ್ದು ಇಟಲಿಯ ಸಂಗೀತ ರಚನೆಕಾರ ಡೊಮೆನಿಕೊ ಚಿಮರೋಸಾನ ಒಂದು ಸೊನಾಟಾ, ಅಂದರೆ ವಾದ್ಯಕ್ಕೆಂದೇ ಬರೆದ ಕೃತಿ.

ಹೆಸರು ಗೊತ್ತಿತ್ತು, ಆದರೆ ಒಪೆರಾದವನು, ಹಾಡಿನಲ್ಲೇ ನಡೆಯುವ ನಾಟಕದವನು ಅಂತ. 1792ರಲ್ಲಿ ವಿಯೆನ್ನಾದಲ್ಲಿ ಅವನ 'ಇಲ್ ಮಾತ್ರಿಮೋನಿಯೊ ಸೆಗ್ರೆತೊ', ಅಂದರೆ ಗುಟ್ಟಿನ ಮದುವೆ, ಮೊದಲ ಸಲ ಆಡಿದಾಗ ಚಕ್ರವರ್ತಿ ಎರಡನೇ ಲಿಯೋಪೋಲ್ಡ್ ಎಲ್ಲರಿಗೂ ಊಟ ಹಾಕಿಸಿ, ಅದೇ ರಾತ್ರಿ ಇಡೀ ಒಪೆರಾ ಇನ್ನೊಮ್ಮೆ ಆಡಿಸಿದನಂತೆ. ಬೆಳಗಾಗುವವರೆಗೆ ಯಕ್ಷಗಾನದ ಆಟ ನೋಡುವ ನಮ್ಮ ಕಡೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಅಂಥವನು ಕೀಬೋರ್ಡಿಗೆ 80ಕ್ಕೂ ಜಾಸ್ತಿ ಸೊನಾಟಾ ಬರೆದಿದ್ದ. ಹೆಚ್ಚಿನವು ಎರಡು ಮೂರು ನಿಮಿಷದವು. ಅವನು ತೀರಿಕೊಂಡದ್ದು 1801ರಲ್ಲಿ. ಇವುಗಳಲ್ಲಿ ಕೆಲವು ಅಚ್ಚಾಗಿ ಹೊರಗೆ ಬಂದದ್ದು 1920ರ ದಶಕದಲ್ಲಿ.

ನೋಟೇಶನ್ ನೋಡಿದರೆ ಬಹಳ ಸುಲಭ. ಎಷ್ಟೋ ಕಡೆ ಬಲಗೈಗೆ ಒಂದು ಸ್ವರ, ಎಡಗೈಗೆ ಒಂದು, ಅಷ್ಟೇ. ನಡುವೆ ಖಾಲಿ. ಮೊದಲ ವಾರ ಎಡಗೈಗೆ ನಾನೇ ಒಂದೊಂದು ಸ್ವರ ಸೇರಿಸಿ ನುಡಿಸಿದೆ. ತುಂಬಿದ ಹಾಗೆ ಕೇಳಿಸಿತು, ಖುಷಿಯೂ ಆಯಿತು. ಟೀಚರ್ ನನ್ನ ಎಡಗೈ ಹಿಡಿದು ಮಡಿಲಲ್ಲಿ ಇಡಿಸಿದರು.

"ಬಲಗೈ ಮಾತ್ರ ನುಡಿಸಿ ಮಾರಾಯ್ರೇ. ಹಾಡುವವರು ಇಲ್ಲಿ ಎಲ್ಲಿ ಉಸಿರು ತೆಗೀತಾರೆ, ನೋಡಿ."

ಯಕ್ಷಗಾನದಲ್ಲಿ ಕರುಣರಸದ ಪದ್ಯಕ್ಕೆ ಚೆಂಡೆ ಸುಮ್ಮನಾಗುತ್ತದೆ ಅಲ್ವಾ? ಭಾಗವತರ ಸ್ವರ, ಶ್ರುತಿ, ಮೆಲ್ಲಗೆ ಮದ್ದಳೆ. ಚಿಮರೋಸಾನ ಎಡಗೈ ಆ ಮದ್ದಳೆ. ನಾನು ಅಲ್ಲಿ ಚೆಂಡೆ ಬಾರಿಸಲು ಹೊರಟಿದ್ದೆ. ಜೀವನವಿಡೀ ಹಾಡುವವರಿಗಾಗಿ ಬರೆದವನು, ಕೀಬೋರ್ಡಿನಲ್ಲೂ ಹಾಡುವವರಿಗೆ ಜಾಗ ಬಿಟ್ಟಿದ್ದಾನೆ.

ಐಸ್‌ಲ್ಯಾಂಡಿನ ಪಿಯಾನೋ ವಾದಕ ವಿಕಿಂಗುರ್ ಓಲಾಫ್ಸನ್ 2021ರ ಆಲ್ಬಮ್ಮಿನಲ್ಲಿ ಇವನ ಎರಡು ಸೊನಾಟಾ ನುಡಿಸಿದ್ದಾರೆ, ಡಿ ಮೈನರ್ ಸ್ವರಶ್ರೇಣಿಯದೊಂದು, ಎ ಮೈನರಿನದೊಂದು. ತಾವೇ ಹೊಸದಾಗಿ ಅಳವಡಿಸಿಕೊಂಡದ್ದು. ತುಂಬಾ ಚೆಂದ. ರಾತ್ರಿ ಇಯರ್‌ಫೋನ್ ಹಾಕಿ ಎಷ್ಟೋ ಸಲ ಕೇಳಿದ್ದೇನೆ. ಆದರೂ ಮೂಲದ ಆ ಖಾಲಿಯೇ ನನಗೆ ಹೆಚ್ಚು ಇಷ್ಟ.

ಕಳೆದ ಶನಿವಾರ ಎಲ್ಲೂ ಏನೂ ಸೇರಿಸದೆ ಕೊನೆಯವರೆಗೆ ನುಡಿಸಿದೆ. ಟೀಚರ್ ಪೆನ್ಸಿಲ್ ತೆಗೆದು ಒಂದು ಬಿಡುವಿನ ಗುರುತಿಗೆ ಸುತ್ತು ಹಾಕಿದರು.

"ಇಲ್ಲಿ ಇನ್ನೂ ಸ್ವಲ್ಪ ಕಾಯಬಹುದು."

ಈ ವಾರವೂ ಅದೇ ಸೊನಾಟಾ.