‘ಕ್ಲ್ಯಾಮರ್’ ಪದದ ಚೀಟಿ: ಗದ್ದಲವನ್ನು ಹೊಡೆದುಹಾಕಿ ಹುಯಿಲು ಎಂದು ಬರೆದದ್ದು

ಇಂಗ್ಲಿಷಿನಲ್ಲಿ ಜೋರಾದ ಕೂಗನ್ನು ಹೇಳುವ ಪದಗಳಿಗೆ ಒಂದೊಂದು ಚೀಟಿ ಮಾಡಿ, ಅವುಗಳ ಹುಟ್ಟು, ಅರ್ಥ ಮತ್ತು ಕನ್ನಡದಲ್ಲಿ ಅವಕ್ಕೆ ಒಪ್ಪುವ ಮಾತನ್ನು ಬರೆದಿಡುವ ಕೆಲಸ ಈ ತಿಂಗಳು ನಿಧಾನವಾಗಿ ಸಾಗಿತು. ‘ಸ್ಕ್ರೀಮ್’ಗೆ ಕಿರುಚು, ‘ಶ್ರೀಕ್’ಗೆ ಚೀರು, ‘ಯೆಲ್’ಗೆ ಅರಚು ಎಂದು ಬರೆಯುವುದಕ್ಕೆ ಒಂದು ಸಂಜೆ ಸಾಕಾಯಿತು. ‘ಕ್ಲ್ಯಾಮರ್’ ಒಂದೇ ಮೂರು ವಾರ ಹಿಡಿಯಿತು.

ಮೊದಲು ಅದರ ಎದುರಿಗೆ ‘ಗದ್ದಲ’ ಎಂದು ಬರೆದಿದ್ದೆ. ಮೂಲವನ್ನು ಹುಡುಕುತ್ತಾ ಹೋದಂತೆ ಆ ಮಾತು ಸಾಲದೆಂದು ತಿಳಿಯಿತು. ಲ್ಯಾಟಿನ್ನಿನ ‘ಕ್ಲಾಮಾರೆ’ ಎಂದರೆ ಕೂಗಿ ಹೇಳುವುದು. ಅದರಿಂದ ಹುಟ್ಟಿದ ‘ಕ್ಲಾಮೋರ್’ ಹಳೆಯ ಫ್ರೆಂಚ್ ಮೂಲಕ 14ನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷಿನ ಬರವಣಿಗೆಗೆ ಬಂದಿತು. ಅದೇ ಧಾತುವಿನಿಂದ ಬಂದ ಇನ್ನೊಂದು ಪದ, ವಿಮೆಯ ಹಣಕ್ಕಾಗಿ ನಾವು ಅರ್ಜಿ ಹಾಕುವಾಗ ಬಳಸುವ ‘ಕ್ಲೇಮು’. ಕೂಗಿ ಕೇಳುವುದಕ್ಕೂ ನನ್ನದೆಂದು ಹಕ್ಕು ಸಾಧಿಸುವುದಕ್ಕೂ ಮೂಲದಲ್ಲಿ ಒಂದೇ ಕ್ರಿಯಾಪದವಿತ್ತು ಎಂಬ ಈ ಸಂಗತಿಯೇ ನನ್ನ ಚೀಟಿಯ ದಿಕ್ಕನ್ನು ಬದಲಿಸಿತು. ಗದ್ದಲದಲ್ಲಿ ಯಾರೂ ಏನನ್ನೂ ಕೇಳುತ್ತಿರಬೇಕೆಂದಿಲ್ಲ; ‘ಕ್ಲ್ಯಾಮರ್’ನಲ್ಲಿ ಬಹುಮಟ್ಟಿಗೆ ಒಂದು ಬೇಡಿಕೆಯೋ ದೂರೋ ಇದ್ದೇ ಇರುತ್ತದೆ.

ಈ ಕುಟುಂಬದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ‘ಕ್ಯಾಲೆಂಡರ್’. ಪ್ರಾಚೀನ ರೋಮಿನಲ್ಲಿ ತಿಂಗಳ ಮೊದಲ ದಿನ ಪುರೋಹಿತರು ಕ್ಯಾಪಿಟಲ್ ಗುಡ್ಡದ ಮೇಲೆ ಜನರನ್ನು ಸೇರಿಸಿ, ಆ ತಿಂಗಳ ‘ನೋನೆ’ ಎಂಬ ದಿನ ಐದಕ್ಕೆ ಬೀಳುವುದೋ ಏಳಕ್ಕೆ ಬೀಳುವುದೋ ಎಂಬುದನ್ನು ಸಾರುತ್ತಿದ್ದರು. ಯೂನೋ ದೇವಿಯನ್ನು ಕುರಿತು ‘ಯೂನೋ ಕೋವೆಲ್ಲಾ, ನಿನ್ನನ್ನು ಕರೆಯುತ್ತೇನೆ’ ಎಂಬ ಮಾತನ್ನು ಐದು ಅಥವಾ ಏಳು ಸಲ ಕೂಗುತ್ತಿದ್ದುದರಿಂದ, ಕೂಗಿನ ಎಣಿಕೆಯೇ ದಿನದ ಎಣಿಕೆಯಾಗಿತ್ತು ಎಂದು ರೋಮಿನ ವಿದ್ವಾಂಸ ವ್ಯಾರೋ ವಿವರಿಸಿದ್ದಾನೆ. ಕರೆಯುವ ಆ ಕ್ರಿಯೆಗೆ ‘ಕಲಾರೆ’ ಎಂದು ಹೆಸರು. ತಿಂಗಳ ಮೊದಲ ದಿನ ‘ಕಲೆಂಡೆ’ ಎನಿಸಿಕೊಂಡದ್ದು ಅದರಿಂದಲೇ. ನಡುವೆ ಹೆಚ್ಚಿನ ತಿಂಗಳನ್ನು ಸೇರಿಸುವುದಕ್ಕೆ, ಎಂದರೆ ನಮ್ಮ ಅಧಿಕ ಮಾಸದಂಥದಕ್ಕೆ, ಇಂಗ್ಲಿಷಿನಲ್ಲಿರುವ ‘ಇಂಟರ್‌ಕ್ಯಾಲರಿ’ ಎಂಬ ವಿಶೇಷಣದಲ್ಲಿಯೂ ಅದೇ ಕೂಗು ಅಡಗಿದೆ. ಹಸು ಕೂಗುವುದಕ್ಕೆ ಇಂಗ್ಲಿಷಿನವರು ಹೇಳುವ ‘ಲೋ’ ಎಂಬ ಚಿಕ್ಕ ಪದವೂ ದೂರದ ನೆಂಟನೇ. ಹಳೆಯ ಇಂಗ್ಲಿಷಿನಲ್ಲಿ ಅದು ‘ಹ್ಲೋವನ್’ ಆಗಿತ್ತು, ಲ್ಯಾಟಿನ್ನಿನ ಕಕಾರಕ್ಕೆ ಅಲ್ಲಿ ಹಕಾರ ಸಮನಾಗಿ ನಿಲ್ಲುತ್ತದೆ.

ಬೇಡಿಕೆಯ ಅರ್ಥ ಕಾನೂನಿನಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿದೆ. ಇಂಗ್ಲಿಷ್ ಕಾಲುವೆಯ ಜೆರ್ಸಿ ಮತ್ತು ಗರ್ನ್ಸಿ ದ್ವೀಪಗಳಲ್ಲಿ, ತನ್ನ ಆಸ್ತಿಯ ಮೇಲೆ ಅನ್ಯಾಯ ನಡೆಯುತ್ತಿದೆ ಎಂದು ಕಂಡವನು ಸಾಕ್ಷಿಗಳ ಮುಂದೆ ಮೊಣಕಾಲೂರಿ, ‘ಹಾರೋ! ಹಾರೋ! ಹಾರೋ! ನನ್ನ ದೊರೆಯೇ, ನೆರವಿಗೆ ಬಾ, ನನಗೆ ಅನ್ಯಾಯವಾಗುತ್ತಿದೆ’ ಎಂದು ಫ್ರೆಂಚ್ ಭಾಷೆಯಲ್ಲಿ ಕೂಗಿದರೆ, ನ್ಯಾಯಾಲಯ ವಿಚಾರಿಸುವವರೆಗೆ ಎದುರಾಳಿ ಕೆಲಸ ನಿಲ್ಲಿಸಬೇಕು. ನಾರ್ಮನ್ ಕಾಲದಿಂದ ಬಂದ ಈ ಪದ್ಧತಿಯ ಹೆಸರೇ ‘ಕ್ಲಾಮರ್ ದ ಹಾರೋ’. ಒಬ್ಬ ಮನುಷ್ಯನ ಗಂಟಲು ತಡೆಯಾಜ್ಞೆಯಾಗಬಲ್ಲದು ಎಂಬುದನ್ನು ಓದಿದಾಗ ನನಗೆ ನಿಜವಾಗಿಯೂ ರೋಮಾಂಚನವಾಯಿತು. ಇಂಗ್ಲೆಂಡಿನಲ್ಲಿ ಒಂದನೆಯ ಎಡ್ವರ್ಡನ ಕಾಲದ 1285ರ ವಿಂಚೆಸ್ಟರ್ ಕಾಯಿದೆಯ ಪ್ರಕಾರ, ಕಳ್ಳನನ್ನು ಕಂಡು ಕೂಗೆಬ್ಬಿಸಿದಾಗ ಊರಿನಿಂದ ಊರಿಗೆ ಜನ ಬೆನ್ನಟ್ಟಿ ಹೋಗಬೇಕಿತ್ತು. ಆ ‘ಹ್ಯೂ ಅಂಡ್ ಕ್ರೈ’ಗೆ ಕಾನೂನಿನ ಲ್ಯಾಟಿನ್ನಿನಲ್ಲಿ ‘ಹುಟೇಸಿಯುಂ ಎಟ್ ಕ್ಲಾಮೋರ್’ ಎಂದಿತ್ತು.

ಇಲ್ಲಿಗೆ ಬಂದಾಗ ಕನ್ನಡದ ಮಾತು ತಾನಾಗಿಯೇ ಎದುರು ನಿಂತಿತು. ಹಳಗನ್ನಡದ ‘ಪುಯ್ಯಲ್’ ಎಂದರೆ ಮೊರೆ, ನೆರವಿಗಾಗಿ ಇಡುವ ಕೂಗು. ಅದಕ್ಕೆ ಕಾಳಗವೆಂಬ ಅರ್ಥವೂ ಉಂಟು. ತುರುಗೋಳಿನಲ್ಲಿ ದನಗಳನ್ನು ಮರಳಿಸಿ ಮಡಿದವರ ವೀರಗಲ್ಲುಗಳನ್ನು ನೋಡಿದವರಿಗೆ, ಕೂಗು ಕಾಳಗವಾಗುವ ಬಗೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕಾರ ಹಕಾರವಾಗಿ ಅದು ‘ಹುಯ್ಯಲು’, ‘ಹುಯಿಲು’ ಎಂದಾಯಿತು. ‘ಹುಯಿಲೆಬ್ಬಿಸಿದರು’ ಎಂದು ಪತ್ರಿಕೆಗಳಲ್ಲಿ ಈಗಲೂ ಓದುತ್ತೇವೆ. ‘ಹ್ಯೂ’ ಮತ್ತು ‘ಹುಯಿಲು’ ಕಿವಿಗೆ ಒಂದೇ ತರಹ ಕೇಳಿದರೂ ಅವುಗಳ ನಡುವೆ ನೆಂಟಸ್ತಿಕೆಯಿಲ್ಲ: ಒಂದು ಹಳೆಯ ಫ್ರೆಂಚಿನದು, ಇನ್ನೊಂದು ‘ಪು’ ಎಂದು ಮೊದಲಾದದ್ದು. ಚೀಟಿಯ ಅಂಚಿನಲ್ಲಿ ಇದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ, ಏಕೆಂದರೆ ಇಂತಹ ಹೋಲಿಕೆಗಳ ಬೆನ್ನು ಹತ್ತಿ ದಾರಿ ತಪ್ಪುವುದು ಸುಲಭ.

ಈಗ ಚೀಟಿಯಲ್ಲಿ ‘ಗದ್ದಲ’ದ ಮೇಲೆ ಗೆರೆ ಬಿದ್ದಿದೆ, ಅದರ ಕೆಳಗೆ ‘ಹುಯಿಲು, ಮೊರೆ’ ಎಂದಿದೆ. ಹಕ್ಕಿಗಳ, ಗಂಟೆಗಳ ಸದ್ದಿಗೆ ‘ಕ್ಲ್ಯಾಮರ್’ ಎನ್ನುವಲ್ಲಿ ಮಾತ್ರ ಹುಯಿಲು ಹೊಂದುವುದಿಲ್ಲ. ಅಂಥ ಕಡೆಗೆಂದು ‘ಗದ್ದಲ’ವನ್ನು ಎರಡನೆಯ ಅರ್ಥವಾಗಿ ಮತ್ತೆ ಸೇರಿಸಿದ್ದೇನೆ. ಮುಂದಿನ ಚೀಟಿ ‘ಸ್ಲೋಗನ್’ನದು: ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ‘ಸ್ಲುವಗ್’ ಎಂದರೆ ಪಡೆ, ‘ಗೈರಮ್’ ಎಂದರೆ ಕೂಗು. ನಾವು ಸಲೀಸಾಗಿ ಬಳಸುವ ‘ಘೋಷಣೆ’ ಆ ರಣಕೂಗಿಗೆ ಎಷ್ಟು ಒಪ್ಪುತ್ತದೆ ಎಂಬುದನ್ನು ನೋಡಬೇಕಾಗಿದೆ.