ಹಿಂಬರಹ ಕೇಳಿ, ಆಮೇಲೆ ಲಾಯರನ್ನು ನೋಡಿ

ಮಂಡ್ಯ ಕೋರ್ಟಿನಲ್ಲಿ ವಕೀಲಿಕೆ ಶುರು ಮಾಡಿ ನನಗೆ ಹನ್ನೆರಡು ವರ್ಷ ಆಯಿತು. ಉಚಿತ ಕಾನೂನು ನೆರವಿನ ಪ್ಯಾನೆಲ್‌ನಲ್ಲೂ ಇದ್ದೇನೆ. ಹಾಗಾಗಿ ನನ್ನ ಹತ್ತಿರ ಬರುವವರಲ್ಲಿ ಕೊಲೆ, ದರೋಡೆ ಕೇಸಿನವರು ಕಡಿಮೆ. ಖಾತೆ ಆಗಿಲ್ಲ, ಪಿಂಚಣಿ ನಿಂತಿದೆ, ಪಂಚಾಯ್ತಿಯಲ್ಲಿ ಅಂಗಡಿ ಲೈಸೆನ್ಸ್ ಕೊಡುತ್ತಿಲ್ಲ, ಕರೆಂಟ್ ಬಿಲ್ ಜಾಸ್ತಿ ಬಂದಿದೆ. ಇಂಥವೇ ಜಾಸ್ತಿ. ಬಂದು ಕೂತವರೆಲ್ಲ ಮೊದಲು ಕೇಳುವುದು ಒಂದೇ. "ಇದಕ್ಕೆ ಕಾನೂನು ಏನ್ ಹೇಳ್ತದೆ ಮೇಡಂ?"

ಮೊದಮೊದಲು ನಾನೂ ಆ ಪ್ರಶ್ನೆಗೇ ಉತ್ತರ ಕೊಡುತ್ತಿದ್ದೆ. ಈಗ ಕೊಡುವುದಿಲ್ಲ. ಅದಕ್ಕೆ ಮುಂಚೆ ನಾನೇ ಎರಡು ಪ್ರಶ್ನೆ ಕೇಳುತ್ತೇನೆ. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಇದೆಯಾ? ಆಗುವುದಿಲ್ಲ ಅಂತ ಅವರು ಬರೆದು ಕೊಟ್ಟಿದ್ದಾರಾ? ಈ ಎರಡು ಪ್ರಶ್ನೆ ಕೇಳುವುದನ್ನು ನನಗೆ ಕಲಿಸಿದ್ದು ಒಬ್ಬ ಅಮ್ಮನ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಕೆಲಸ.

ಐದಾರು ವರ್ಷದ ಹಿಂದಿನ ಮಾತು. ಕಬ್ಬು ಕಟಾವಿನ ಕಾಲ. ನಮ್ಮ ಜಿಲ್ಲೆಯದೇ ಒಂದು ಹಳ್ಳಿಯಿಂದ ಬಂದಿದ್ದರು. ವಯಸ್ಸು ಅರವತ್ತರ ಹತ್ತಿರ. ಗಂಡ ತೀರಿಕೊಂಡು ವರ್ಷ ದಾಟಿತ್ತು. ಒಂದು ಎಕರೆ ಹತ್ತು ಗುಂಟೆ ಗದ್ದೆ. ಪಹಣಿ ಇನ್ನೂ ಗಂಡನ ಹೆಸರಿನಲ್ಲೇ ಇತ್ತು. ಅದರಿಂದ ಸೊಸೈಟಿಯಲ್ಲಿ ಬೆಳೆ ಸಾಲ ಸಿಗುತ್ತಿರಲಿಲ್ಲ.

"ಒಂಬತ್ತು ಸಲ ಹೋಗಿವ್ನಿ ಕಣವ್ವ. ಇವತ್ ಬಾ, ನಾಳೆ ಬಾ ಅಂತವ್ರೆ. ಕೊನೆಗೆ ಆಗಾಕಿಲ್ಲ ಅಂದ್ಬುಟ್ರು."

ನನಗೆ ತುಂಬಾ ಸಿಟ್ಟು ಬಂತು. ಅವತ್ತು ರಾತ್ರಿಯೇ ಕೂತು ಲೀಗಲ್ ನೋಟಿಸ್ ಬರೆದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆ, ಅದರ 128, 129ನೇ ಕಲಂ, ಎಲ್ಲ ಹಾಕಿದೆ. ಅಧಿಕಾರಿ ತಮ್ಮ ಕರ್ತವ್ಯ ಮಾಡಿಲ್ಲ ಅಂತ ಮೂರು ಪುಟ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಎರಡು ತಿಂಗಳು ಕಾದ ಮೇಲೆ ಉತ್ತರ ಬಂತು. ನಾಲ್ಕೇ ಸಾಲು. ಸದರಿಯವರಿಂದ ಪೌತಿ ಖಾತೆಗೆ ಯಾವ ಅರ್ಜಿಯೂ ಈ ಕಚೇರಿಯಲ್ಲಿ ಸ್ವೀಕೃತವಾಗಿಲ್ಲ ಅಂತ.

ಅಮ್ಮನನ್ನು ಕರೆಸಿ ಕೇಳಿದೆ. "ಫಾರಂ ಮೇಲೆ ಸೈನ್ ಹಾಕಿದ್ರಾ? ಚೀಟಿ ಏನಾದರೂ ಕೊಟ್ರಾ?"

"ಇಲ್ಲ ಕಣವ್ವ. ಜಗಲಿ ಮ್ಯಾಲೆ ಒಬ್ರು ಕೂತಿರ್ತಾರಲ್ಲ, ಅವ್ರ ಕೈಗೆ ಜೆರಾಕ್ಸ್ ಕೊಟ್ಟೆ. ಬುಕ್ಕಲ್ಲಿ ಬರ್ಕೊಂಡ್ರು."

ವಿಚಾರಿಸಿದರೆ ಅವರು ಕಚೇರಿಯ ನೌಕರರೇ ಅಲ್ಲ. ಅಂದರೆ ಒಂಬತ್ತು ಸಲ ಓಡಾಡಿದ್ದರೂ ಸರ್ಕಾರದ ಲೆಕ್ಕದಲ್ಲಿ ಈ ಅಮ್ಮ ಒಂದು ಸಲವೂ ಕೇಳಿಲ್ಲ. ಕೇಳದೇ ಇರುವುದನ್ನು ಕೊಟ್ಟಿಲ್ಲ ಅಂತ ನಾನು ನೋಟಿಸ್ ಕೊಟ್ಟಿದ್ದೆ. ಮೊದಲ ದಿನ ಎರಡು ನಿಮಿಷ ಕೂರಿಸಿ ಕೇಳಿದ್ದರೆ ಗೊತ್ತಾಗುತ್ತಿತ್ತು. ಆ ಎರಡು ತಿಂಗಳಲ್ಲಿ ಅವರು ಗೊಬ್ಬರಕ್ಕೆ ಊರಲ್ಲಿ ಕೈಸಾಲ ಮಾಡಿದ್ದರು. ನಾನು ಮಾಡಿದ ತಪ್ಪಿಗೆ ಬಡ್ಡಿ ಕಟ್ಟಿದ್ದು ಅವರು. ಇವತ್ತಿಗೂ ನೆನಪಾದರೆ ಸಂಕಟ ಆಗುತ್ತದೆ.

ಸ್ವೀಕೃತಿ ಯಾಕೆ ಅಷ್ಟು ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸರ್ಕಾರಿ ಕಚೇರಿಯಲ್ಲಿ ಗಡಿಯಾರ ಓಡಲು ಶುರುವಾಗುವುದೇ ಅರ್ಜಿಗೆ ನಂಬರ್ ಬಿದ್ದ ದಿನದಿಂದ. ನಮ್ಮ ರಾಜ್ಯದಲ್ಲಿ ಸಕಾಲ ಅಂತ ಇದೆ, ಎಲ್ಲರೂ ಕೇಳಿರುತ್ತೀರಿ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವು ಇದೆ. ಅರ್ಜಿ ಕೊಟ್ಟರೆ ಅದನ್ನು ಗುರುತಿಸುವ ಹದಿನೈದು ಅಂಕಿಯ ಜಿಎಸ್‌ಸಿ ನಂಬರ್ ಇರುವ ಚೀಟಿ ಕೊಡಬೇಕು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು. ಅದರ ಮೇಲೆ 30 ದಿನದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಆ 20 ರೂಪಾಯಿಗೋಸ್ಕರ ಯಾರೂ ಹೋಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಆ ನಂಬರ್ ಕೈಯಲ್ಲಿದ್ದರೆ ಮಾತೇ ಬೇರೆ. "ಸಾರ್, ಸ್ವಲ್ಪ ನೋಡಿ" ಅನ್ನುವುದಕ್ಕೂ "ಸಾರ್, ಈ ನಂಬರಿನ ಗಡುವು ಮೊನ್ನೆಗೆ ಮುಗಿದಿದೆ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ?

ಸಕಾಲದಲ್ಲಿ ಇಲ್ಲದ ಕೆಲಸ ಆದರೆ ಅರ್ಜಿಯ ಎರಡು ಪ್ರತಿ ಮಾಡಿಸಿ. ಟಪಾಲು ವಿಭಾಗದಲ್ಲಿ ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಹಾಕುವುದಿಲ್ಲ ಅಂದರೆ ಜಗಳ ಬೇಡ. ಹೊರಗೆ ಬಂದು ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಮತ್ತು ತಲುಪಿದ ದಿನದ ಪ್ರಿಂಟ್ ಇಟ್ಟುಕೊಂಡರೆ ಸಾಕು.

ಇನ್ನು ಎರಡನೆಯ ಪ್ರಶ್ನೆ. ನಮ್ಮ ಕಚೇರಿಗಳಲ್ಲಿ ಹಿಂಬರಹ ಅಂತ ಒಂದು ಒಳ್ಳೆಯ ಪದ ಇದೆ. ನಿಮ್ಮ ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರ ಅದು. ಬಾಯಲ್ಲಿ ಆಗಲ್ಲ ಅಂದಿದ್ದಕ್ಕೆ ಮೇಲ್ಮನವಿ ಹಾಕುವುದು ಹೇಗೆ? ಯಾವ ಆದೇಶ, ಯಾವ ತಾರೀಖು ಅಂತ ಮೇಲಿನವರು ಕೇಳೇ ಕೇಳುತ್ತಾರೆ. ಅದಕ್ಕೇ ನಾನು ಬಂದವರಿಗೆಲ್ಲ ಹೇಳುವುದು. ಆಗಲ್ಲ ಅಂದ್ರಾ? ಪರವಾಗಿಲ್ಲ. ಯಾವ ಕಾರಣಕ್ಕೆ ಆಗಲ್ಲ ಅಂತ ಒಂದು ಹಿಂಬರಹ ಕೊಡಿ ಸಾರ್ ಅಂತ ಕೇಳಿ. ಅದನ್ನೂ ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ. ನಾನು ಕಂಡಂತೆ ಎಷ್ಟೋ ಕೆಲಸ ಇಲ್ಲೇ ಮುಗಿಯುತ್ತದೆ. ಯಾಕೆಂದರೆ ಕಾಗದದ ಮೇಲೆ ಆಗಲ್ಲ ಅಂತ ಬರೆಯಬೇಕಾದರೆ ಬರೆಯುವವರು ನಿಯಮ ತೆಗೆದು ನೋಡಬೇಕಾಗುತ್ತದೆ.

ತುಂಬಾ ಜನಕ್ಕೆ ಹೆದರಿಕೆ. ಅವರನ್ನು ಎದುರು ಹಾಕಿಕೊಂಡರೆ ಮುಂದೆ ಯಾವ ಕೆಲಸವೂ ಆಗುವುದಿಲ್ಲ ಅಂತ. ಆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಹಿಂಬರಹ ಕೇಳುವುದು ಜಗಳ ಅಲ್ಲ. ಒಳಗೆ ಕೂತ ಗುಮಾಸ್ತರಿಗೂ ಕಾಗದ ಇದ್ದರೆ ಧೈರ್ಯ. ಎಷ್ಟೋ ಒಳ್ಳೆಯ ಕೇಸ್‌ ವರ್ಕರ್‌ಗಳು "ಬರೆದು ಕೊಡಿ ಮೇಡಂ, ನಾನು ಮೇಲಕ್ಕೆ ಕಳಿಸ್ತೀನಿ" ಅಂತ ಅವರೇ ಹೇಳಿದ್ದಾರೆ.

"ರೂಲ್ಸ್ ಇಲ್ಲ" ಅನ್ನುವ ಮಾತೂ ಹೀಗೆಯೇ. ರೂಲ್ಸ್ ಅಂದರೆ ಯಾವುದು? ಶಾಸಕಾಂಗ ಮಾಡಿದ್ದು ಕಾಯ್ದೆ. ಕಾಯ್ದೆಯ ಕೆಳಗೆ ಸರ್ಕಾರ ಮಾಡಿದ್ದು ನಿಯಮ. ಆಮೇಲೆ ಸರ್ಕಾರಿ ಆದೇಶ, ಅದಕ್ಕೂ ಕೆಳಗೆ ಸುತ್ತೋಲೆ. ಮೇಲಿನದ್ದು ಕೊಟ್ಟಿರುವುದನ್ನು ಕೆಳಗಿನದ್ದು ಕಿತ್ತುಕೊಳ್ಳಲು ಬರುವುದಿಲ್ಲ. ಹಾಗಾಗಿ ಆದೇಶದ ಸಂಖ್ಯೆ, ತಾರೀಖು ಕೇಳಿ ಬರೆದುಕೊಳ್ಳಿ. ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಪಿಯುಸಿ ಓದುವ ಮಕ್ಕಳು ಮನೆಯಲ್ಲಿದ್ದರೆ ಹುಡುಕಿ ಕೊಡುತ್ತಾರೆ.

ಇನ್ನೊಂದು ಗೊಂದಲ ನಾನು ವಾರಕ್ಕೆ ನಾಲ್ಕು ಸಲ ನೋಡುತ್ತೇನೆ. ಸರಿಯಾದ ಅರ್ಜಿ, ತಪ್ಪು ಕಚೇರಿ. ನಮ್ಮವರು ಎಲ್ಲದಕ್ಕೂ ಖಾತೆ ಅಂತಲೇ ಅನ್ನುತ್ತಾರೆ. ಜಮೀನಿನ ಖಾತೆ ಕಂದಾಯ ಇಲಾಖೆಗೆ ಸೇರಿದ್ದು, ಪಹಣಿಯಲ್ಲಿ ಬರುತ್ತದೆ. ಹಳ್ಳಿಯ ಮನೆ, ಖಾಲಿ ಜಾಗದ್ದು ಗ್ರಾಮ ಪಂಚಾಯ್ತಿ, ಇ-ಸ್ವತ್ತು ಅನ್ನುವ ಆನ್‌ಲೈನ್ ದಾಖಲೆಯಲ್ಲಿ ಬರುತ್ತದೆ. ಪಟ್ಟಣದ ಸೈಟಿನದ್ದು ನಗರಸಭೆ ಅಥವಾ ಪುರಸಭೆ. ಒಂದೇ ಪದ, ಮೂರು ಬಾಗಿಲು. ಮೇಲ್ಮನವಿಯಲ್ಲೂ ಹೀಗೇ. ನಮ್ಮ ಜಿಲ್ಲೆಯಲ್ಲಿ ಎರಡು ಉಪವಿಭಾಗ ಇವೆ. ಮಂಡ್ಯ, ಮದ್ದೂರು, ಮಳವಳ್ಳಿಯವರಿಗೆ ಎಸಿ, ಅಂದರೆ ಉಪವಿಭಾಗಾಧಿಕಾರಿ ಕಚೇರಿ ಮಂಡ್ಯದಲ್ಲಿ. ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣದವರು ಹೋಗಬೇಕಾದ್ದು ಪಾಂಡವಪುರಕ್ಕೆ. ನಾಗಮಂಗಲದಿಂದ ಬಸ್ ಹತ್ತಿ ಮಂಡ್ಯದಲ್ಲಿ ಇಳಿದು, ವಾಪಸ್ ಹೋದವರನ್ನು ನೋಡಿದ್ದೇನೆ. ಒಂದು ದಿನದ ಕೂಲಿ ಹೋಯಿತಲ್ಲ.

ಅರ್ಜಿ ಕೊಟ್ಟೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಇದೆ. 2005ರ ಕಾಯ್ದೆ. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಇಲ್ಲಿ ಜನ ಮಾಡುವ ತಪ್ಪು ಏನು ಗೊತ್ತಾ? "ನನ್ನ ಖಾತೆ ಯಾಕೆ ಮಾಡಿಲ್ಲ?" ಅಂತ ಬರೆಯುತ್ತಾರೆ. ಈ ಕಾಯ್ದೆಯಲ್ಲಿ ಸಿಗುವುದು ಕಚೇರಿಯಲ್ಲಿರುವ ದಾಖಲೆ, ಸಮಜಾಯಿಷಿ ಅಲ್ಲ. ಅದಕ್ಕೇ ಹೀಗೆ ಬರೆಯಿರಿ: ಇಂಥ ತಾರೀಖಿನ, ಇಂಥ ನಂಬರಿನ ನನ್ನ ಅರ್ಜಿಯ ಕಡತದಲ್ಲಿ ಇವತ್ತಿನವರೆಗೆ ಇರುವ ಎಲ್ಲ ಟಿಪ್ಪಣಿ ಹಾಳೆ ಮತ್ತು ಪತ್ರಗಳ ದೃಢೀಕೃತ ನಕಲು ಕೊಡಿ. ಆಗ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಅಂತ ತಾನಾಗಿಯೇ ಕಾಣುತ್ತದೆ. ಇಲ್ಲೂ ನೋಡಿ, ಮತ್ತೆ ಅದೇ ತಾರೀಖು, ಅದೇ ನಂಬರ್ ಬೇಕು.

ಆ ಅಮ್ಮನ ಕೆಲಸ ಮೊದಲಿಂದ ಶುರು ಮಾಡಿದೆವು. ಈ ಸಲ ನಾನೇ ಜೊತೆಗೆ ನಾಡಕಚೇರಿಗೆ ಹೋದೆ. ಮರಣ ಪತ್ರ ಇತ್ತು. ವಂಶವೃಕ್ಷ ಮಾಡಿಸಬೇಕಿತ್ತು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಮದುವೆ ಆಗಿತ್ತು. "ಮದ್ವೆ ಆಗಿ ಹೋದೋರ ಹೆಸ್ರು ಯಾಕೆ, ಬಿಟ್ಬುಡಿ, ಬೇಗ ಆಯ್ತದೆ" ಅಂತ ಊರಲ್ಲಿ ಯಾರೋ ಹೇಳಿದ್ದರಂತೆ. ನಾನು ಒಪ್ಪಲಿಲ್ಲ. ಮಗಳು ಮದುವೆಯಾದರೂ ವಾರಸುದಾರಳೇ. ಹೆಂಡತಿ, ಮಕ್ಕಳು, ಬದುಕಿದ್ದರೆ ತಾಯಿ, ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಇವರೆಲ್ಲ ಮೊದಲ ವರ್ಗದ ವಾರಸುದಾರರು. ಹೆಸರು ಬಿಟ್ಟು ಮಾಡಿಸಿದ ವಂಶವೃಕ್ಷ ಇವತ್ತು ಬೇಗ ಸಿಗಬಹುದು. ನಾಳೆ ತಾಯಿ ಮಕ್ಕಳನ್ನೇ ಕೋರ್ಟಿಗೆ ತರುತ್ತದೆ. ಅಂಥ ಕೇಸುಗಳನ್ನು ನಾನು ನಡೆಸಿದ್ದೇನೆ. ಅಲ್ಲಿ ಯಾರು ಗೆದ್ದರೂ ಮನೆ ಉಳಿಯುವುದಿಲ್ಲ.

ಮೂವರ ಹೆಸರಿನಲ್ಲೂ ಅರ್ಜಿ ಹಾಕಿದೆವು. ಚೀಟಿ ಬಂತು. ಅಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು ಸೆರಗಿಗೆ ಗಂಟು ಹಾಕಿಕೊಂಡರು. ಊರಲ್ಲಿ ನೋಟಿಸ್ ಅಂಟಿಸಿದರು. ತಕರಾರಿಗೆ 30 ದಿನ. ಮೈದುನ ತಕರಾರು ಹಾಕಿಯೇ ಬಿಟ್ಟರು, ಅಣ್ಣ ತಮ್ಮಂದಿರ ಭಾಗವೇ ಆಗಿಲ್ಲ ಅಂತ. ತಕರಾರು ಬಂದ ಮೇಲೆ ಅದು ತಹಶೀಲ್ದಾರರ ಮುಂದೆ ವಿಚಾರಣೆಗೆ ಹೋಗುತ್ತದೆ. ಭಾಗ ಆಗಿದ್ದು ನಿಜ, ಪತ್ರ ರಿಜಿಸ್ಟರ್ ಕೂಡ ಆಗಿತ್ತು, ಆದರೆ ಮನೆಯಲ್ಲಿ ಪ್ರತಿ ಇರಲಿಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ, ಅದರಲ್ಲಿ ಸಿಕ್ಕ ನಂಬರ್ ಹಿಡಿದು ದೃಢೀಕೃತ ನಕಲು ತಂದೆವು. ಭಾಗಪತ್ರ ಕಳೆದುಹೋಯಿತು ಅಂತ ಅಳುವವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ರಿಜಿಸ್ಟರ್ ಆದ ಪತ್ರದ ನಕಲು ಸಿಗುತ್ತದೆ.

ಆದೇಶ ಅಮ್ಮನ ಪರ ಬಂತು. ಮೈದುನನಿಗೂ ಅದರ ಪ್ರತಿ ಹೋಯಿತು. ಆದೇಶ ತಿಳಿದ ದಿನದಿಂದ 60 ದಿನದೊಳಗೆ ಎಸಿ ಅವರಿಗೆ ಮೇಲ್ಮನವಿ ಹಾಕಲು ಅವರಿಗೆ ಅವಕಾಶ ಇತ್ತು. ಹಾಕಲಿಲ್ಲ.

ನನಗೆ ಫೀಸ್ ಎಷ್ಟು ಅಂತ ಅಮ್ಮ ಕೇಳಿದರು. ಕಾನೂನು ನೆರವಿನ ಕೇಸು, ಏನೂ ಕೊಡಬೇಕಿಲ್ಲ ಅಂದೆ. ಎಷ್ಟೋ ಹೆಣ್ಣುಮಕ್ಕಳಿಗೆ ಈ ವಿಷಯ ಗೊತ್ತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಷ್ಟೇ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೋಗಿ ಕೇಳಿ.

ಹೊಸ ಪಹಣಿ ಬಂದ ದಿನ ಅಮ್ಮ ದೊಡ್ಡ ಮಗಳನ್ನು ಕರೆದುಕೊಂಡು ಬಂದಿದ್ದರು. ಒಂಬತ್ತನೇ ಕಾಲಂ ತೋರಿಸಿ ಮೂವರ ಹೆಸರೂ ಓದಿ ಹೇಳಿದೆ. ಇನ್ನೊಂದು ಸಲ ಓದಿಸಿಕೊಂಡರು. ಆಮೇಲೆ ಕೇಳಿದರು. "ಇನ್ನು ಯಾರೂ ಏನೂ ಮಾಡಾಕಾಗಲ್ಲ ಅಲ್ವಾ?"

ಹೌದು ಅಂದುಬಿಡಬೇಕು ಅನ್ನಿಸಿತು. ಆದರೆ ಅದು ನಿಜ ಅಲ್ಲ. ಪಹಣಿಯಲ್ಲಿರುವುದನ್ನು ಸರಿ ಅಂತ ನಂಬಿಕೊಂಡು ನಡೆಯುತ್ತಾರೆ, ತಪ್ಪು ಅಂತ ಸಾಬೀತಾಗುವವರೆಗೆ. ಅದು ಮಾಲೀಕತ್ವದ ಪತ್ರ ಅಲ್ಲ. ಖಾತೆ ಬದಲಾವಣೆಯಿಂದ ಹಕ್ಕು ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಮೈದುನ ಸಿವಿಲ್ ಕೋರ್ಟಿಗೆ ಹೋಗಬಹುದು. ಹೋದರೆ ನಿಮ್ಮನ್ನು ಕಾಯುವುದು ಆ ಭಾಗಪತ್ರದ ನಕಲು, ಅದನ್ನು ಪಹಣಿಗಿಂತ ಜೋಪಾನ ಮಾಡಿ ಅಂದೆ. ಸೊಸೈಟಿ ಸಾಲಕ್ಕೆ ಈ ಪಹಣಿ ಸಾಕು, ನಾಳೆಯೇ ಹೋಗಿ ಅಂತಲೂ ಹೇಳಿದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು.

"ಈಗ ಹೇಳಿದ್ಯಲ್ಲ, ಅದ್ನೂ ಬರ್ಕೊಡವ್ವ. ನಂಗೆ ಮರ್ತೋಯ್ತದೆ. ಮಗ್ಳು ಓದ್ಕತಾಳೆ."

ಕನ್ನಡದಲ್ಲಿ ಬರೆದೆ. ಕೆಳಗೆ ತಾರೀಖು ಹಾಕಿ ಸಹಿ ಮಾಡಿ ಕೊಟ್ಟೆ. ಅವತ್ತಿನಿಂದ ನನ್ನ ಹತ್ತಿರ ಬಂದವರು ಯಾರೂ ಬರೀ ಬಾಯಿ ಮಾತು ತೆಗೆದುಕೊಂಡು ಹೋಗಿಲ್ಲ.