ಫ್ಲಾರೆನ್ಸಿನ ಗಾರೆ, ಡೊಂಬಿವಲಿಯ ಮಳೆ

ಬೇಸಿಗೆ ರಜೆಯಲ್ಲಿ ಇಟಲಿಗೆ ಹೋಗಿ ಚಿತ್ರಕಲೆ ಕಲಿತು ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಪೀಸಾದ ವಾಲಿದ ಗೋಪುರದ ಫೋಟೋ. ನನ್ನ ಹತ್ತಿರ ಅದಿಲ್ಲ. ನನ್ನ ಫೋನಿನ ತುಂಬ ಇರುವುದು ಗೋಡೆಗಳು. ಒದ್ದೆ ಗೋಡೆ, ಅರ್ಧ ಒಣಗಿದ ಗೋಡೆ, ಬಿರುಕು ಬಿಟ್ಟ ಗೋಡೆ. ನಾನು ಸೇರಿದ್ದು ಫ್ಲಾರೆನ್ಸಿನಲ್ಲಿ ನಡೆಯುವ ಫ್ರೆಸ್ಕೋ ಕೋರ್ಸಿಗೆ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ವಿದ್ಯೆ ಅದು. ನಿಜ ಹೇಳಬೇಕೆಂದರೆ ಚಿತ್ರ ಬರೆದದ್ದಕ್ಕಿಂತ ಸುಣ್ಣ ಕಲಸಿದ್ದೇ ಜಾಸ್ತಿ.

ಇದನ್ನು ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಹೇಳಿದಾಗ ಅಪ್ಪ ಕನ್ನಡಕ ತೆಗೆದು ನೋಡಿದರು. "ಅಲ್ಲ ಮಾರಾಯ್ತಿ, ಗೋಡೆಗೆ ಸುಣ್ಣ ಬಳಿಯಲಿಕ್ಕೆ ಇಟಲಿಗೆ ಎಂತಕ್ಕೆ ಹೋದದ್ದು? ಡೊಂಬಿವಲಿಯಲ್ಲಿ ಗೋಡೆ ಇಲ್ವಾ?"

ಅಪ್ಪ ನನ್ನನ್ನು ಕಳಿಸಲು ಒಪ್ಪಿದ್ದೇ ಒಂದು ಕತೆ. ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಕೆಲಸ ಮಾಡಿ, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು ಅವರು. ಚಿತ್ರ ಬರೆಯುವುದು ಅವರ ಲೆಕ್ಕದಲ್ಲಿ ಭಾನುವಾರದ ಕೆಲಸ. ನಾನು ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದ್ದನ್ನೇ ಅವರು ಪೂರ್ತಿ ಅರಗಿಸಿಕೊಂಡಿರಲಿಲ್ಲ. ಇನ್ನು ಸಾಲ ಮಾಡಿ ವಿದೇಶ ಬೇರೆ! ಆದರೆ ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ಒಂದು ಸಂಜೆ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ ಹಿರಿಯರೊಬ್ಬರು, "ನಿಮ್ಮ ಕಡೆಯ ಹೆಬ್ಬಾರರು ಹೋಗಲಿಲ್ವಾ ಪ್ಯಾರಿಸ್‌ಗೆ?" ಎಂದುಬಿಟ್ಟರು. ಚಿತ್ರಕಾರ ಕೆ.ಕೆ. ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಜೆ.ಜೆ.ಯಲ್ಲಿ ಓದಿ, ಅಲ್ಲೇ ಪಾಠ ಮಾಡಿ, 1949ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ಗೆ ಕಲಿಯಲು ಹೋದವರು. 1952ರಲ್ಲಿ ಮುಂಬಯಿಯ ಜಹಾಂಗೀರ್ ಆರ್ಟ್ ಗ್ಯಾಲರಿ ಆಗುವುದಕ್ಕೂ ಅವರ ಮತ್ತು ವಿಜ್ಞಾನಿ ಹೋಮಿ ಭಾಭಾ ಅವರ ಒತ್ತಾಯವೇ ಕಾರಣ. ಕಟ್ಟಿಂಗೇರಿ ಅಪ್ಪನ ಊರಿಗೆ ದೂರವೇನಲ್ಲ. ನಾನು ತಿಂಗಳುಗಟ್ಟಲೆ ಹೇಳಿ ಆಗದ್ದು ಆ ಒಂದು ಹೆಸರಿನಿಂದ ಆಯಿತು. ಮರುದಿನವೇ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದರು. (ಹೆಬ್ಬಾರರಿಗೂ ನನಗೂ ಎಲ್ಲಿಂದೆಲ್ಲಿಗೆ! ಆದರೆ ಆ ಹೊತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ.)

ವೀಸಾ, ಇನ್ಶೂರೆನ್ಸ್, ಹಾಸ್ಟೆಲ್ ಬುಕಿಂಗ್ ಎಲ್ಲರಿಗೂ ಇದ್ದದ್ದೇ, ಬಿಡಿ. ಅಮ್ಮ ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟಿದ್ದರು. ಫ್ಲಾರೆನ್ಸಿನ ಕಡೆ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಸಪ್ಪೆ ಬ್ರೆಡ್ಡಿಗೆ ಮಿಡಿ ಉಪ್ಪಿನಕಾಯಿ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಇಟಲಿಯವರಿಗೆ ಗೊತ್ತಿಲ್ಲ, ಪಾಪ.

ಕ್ಲಾಸಿನಲ್ಲಿ ಮೊದಮೊದಲು ಬ್ರಶ್ ಮುಟ್ಟಲೇ ಬಿಡಲಿಲ್ಲ. ಮರಳು ಜರಡಿ ಹಿಡಿ, ತೊಳೆ, ಮತ್ತೆ ತೊಳೆ. ನದಿಯ ಮರಳೇ ಆಗಬೇಕು, ಉಪ್ಪಿನಂಶ ಇರಲೇಬಾರದು. ಸುಣ್ಣ ಹಳೆಯದಾದಷ್ಟೂ ಒಳ್ಳೆಯದಂತೆ. ನಮ್ಮ ಟೀಚರ್ ಅದನ್ನು ನೀರಿನಡಿ ವರ್ಷಗಟ್ಟಲೆ ಇಟ್ಟಿದ್ದರು. ಕೈಗೆ ಬೆಣ್ಣೆ ಹಾಗೆ ಸಿಗುತ್ತಿತ್ತು. ಸುಣ್ಣದ ಕಲ್ಲನ್ನು ಸುಟ್ಟರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿದರೆ ಅರಳಿ ಮುದ್ದೆಯಾಗುತ್ತದೆ. ಗೋಡೆಗೆ ಹಚ್ಚಿದ ಮೇಲೆ ಅದೇ ಅನಿಲವನ್ನು ಗಾಳಿಯಿಂದ ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಆ ಹೊತ್ತಿನಲ್ಲಿ ನೀರಿನಲ್ಲಿ ಕಲಸಿದ ಬಣ್ಣ ಮೇಲಿದ್ದರೆ ಅದೂ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಅಂಟು ಬೇಡ, ಎಣ್ಣೆ ಬೇಡ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಬೆರಳಿನಡಿ ಅದು ಆಗುವುದನ್ನು ನೋಡಿದ್ದು ಅಲ್ಲೇ.

ಎಲ್ಲಾ ಬಣ್ಣವೂ ಸುಣ್ಣದ ಕ್ಷಾರ ತಾಳುವುದಿಲ್ಲ. ಹಳದಿ ಮಣ್ಣು, ಕೆಮ್ಮಣ್ಣು, ಹಸಿರು ಮಣ್ಣು, ಇದ್ದಿಲಿನ ಕಪ್ಪು ತಾಳುತ್ತವೆ. ಹಳೆಯ ಕಾಲದ ನೀಲಿಗಳಲ್ಲಿ ಅಜುರೈಟ್ ಎಂಬ ಖನಿಜದ ಬಣ್ಣವನ್ನು ಗೋಡೆ ಒಣಗಿದ ಮೇಲೆ ಅಂಟು ಬೆರೆಸಿ ಹಚ್ಚುತ್ತಿದ್ದರು. ಅದಕ್ಕೇ ಹಳೆಯ ಚರ್ಚುಗಳಲ್ಲಿ ಮೇರಿಯ ಮುಖ ಗಟ್ಟಿಯಾಗಿ ಉಳಿದಿದ್ದರೂ ಮೇಲೆ ಹೊದ್ದ ನೀಲಿ ಬಟ್ಟೆ ಉದುರಿಹೋಗಿರುತ್ತದೆ.

ನನ್ನ ಪಾಲಿಗೆ ಬಂದ ಗೋಡೆಯ ದಿನ ಚೆನ್ನಾಗಿ ನೆನಪಿದೆ. ಫ್ಲಾರೆನ್ಸಿನ ಚರ್ಚೊಂದರ ಬ್ರಾಂಕಾಚಿ ಚಾಪೆಲ್‌ನಲ್ಲಿ ಮಸಾಚೋ ಎಂಬ ಚಿತ್ರಕಾರ ಬರೆದ ಆದಾಮ ಮತ್ತು ಈವ ಸ್ವರ್ಗದಿಂದ ಹೊರಬೀಳುವ ಚಿತ್ರದಲ್ಲಿ ಆದಾಮನ ತಲೆ, ಮುಖ ಮುಚ್ಚಿಕೊಂಡ ಎರಡು ಕೈ. ಅಷ್ಟನ್ನು ನಾನು ನಕಲು ಮಾಡಬೇಕಿತ್ತು. ಬೆಳಗ್ಗೆ ಸೂರ್ಯ ಏರುವ ಮೊದಲೇ ಗೋಡೆಗೆ ನೀರು ಕುಡಿಸಿ ತೆಳುವಾಗಿ ಗಾರೆ ಎಳೆದೆವು. ಕಾದೆವು. ಬೆರಳಿಟ್ಟರೆ ಅಂಟಬಾರದು, ಆದರೆ ತಂಪು ಇರಬೇಕು. ಕಾಗದದ ಮೇಲೆ ಬರೆದ ರೇಖೆಗಳ ಉದ್ದಕ್ಕೂ ಸೂಜಿಯಲ್ಲಿ ಚುಚ್ಚಿ, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಗೋಡೆಯ ಮೇಲೆ ಚುಕ್ಕಿಗಳು ಮೂಡುತ್ತವೆ. ದಾದರಿನ ಕಸೂತಿ ಅಂಗಡಿಯವರು ರವಿಕೆಯ ಮೇಲೆ ವಿನ್ಯಾಸ ಇಳಿಸುವುದೂ ಹೀಗೇ ಅಲ್ವಾ ಎಂದುಕೊಂಡೆ.

ಆಮೇಲೆ ಓಟ. ಹೊರಗೆ ಸುಡು ಬಿಸಿಲು. ಕಿಟಕಿ ಮುಚ್ಚಿ, ಒದ್ದೆ ಬಟ್ಟೆ ಕಟ್ಟಿದರೂ ಗಾರೆ ಬೇಗ ಬೇಗ ಎಳೆದುಕೊಳ್ಳುತ್ತಿತ್ತು. ಹಸಿಯಿರುವಾಗ ಬಣ್ಣ ಕಪ್ಪಾಗಿ ಕಾಣುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ಅಂದರೆ ಕಣ್ಣಿಗೆ ಕಾಣುವುದನ್ನು ನಂಬುವ ಹಾಗಿಲ್ಲ. ತಲೆ ಮುಗಿಯಿತು, ಎಡಗೈ ಮುಗಿಯಿತು. ಬಲಗೈಯ ಬೆರಳಿಗೆ ಬರುವಷ್ಟರಲ್ಲಿ ಬ್ರಶ್ ಎಳೆದಲ್ಲಿ ಬಣ್ಣ ಪುಡಿಯಾಗಿ ನಿಲ್ಲತೊಡಗಿತು. ಟೀಚರ್ ಬಂದರು, ನೋಡಿದರು, ಕರಣೆ ತೆಗೆದುಕೊಂಡು ಬಲಗೈ ಇದ್ದ ಗಾರೆಯನ್ನು ಓರೆಯಾಗಿ ಕತ್ತರಿಸಿ ಕೆಳಗೆ ಬೀಳಿಸಿದರು. ಬೈಯಲಿಲ್ಲ. ಅಲ್ಲಿ ಅದು ದಿನಾ ನಡೆಯುವುದೇ. ಇವತ್ತಿನದು ಇಷ್ಟು, ಉಳಿದದ್ದು ನಾಳೆಯ ಗಾರೆಗೆ. ಮುನ್ನೂರು ನಾನ್ನೂರು ವರ್ಷ ಹಳೆಯ ಗೋಡೆಗಳಲ್ಲೂ ಬೆಳಕು ಓರೆಯಾಗಿ ಬಿದ್ದರೆ ಒಂದು ದಿನದ ಗಾರೆ ಇನ್ನೊಂದು ದಿನದ್ದನ್ನು ಸೇರಿದ ಗೆರೆ ಕಾಣುತ್ತದೆ.

ಆ ವಾರವೇ ಮೂಲ ಚಿತ್ರ ನೋಡಲು ಹೋದೆ. ಮಸಾಚೋ ಅದನ್ನು ಬರೆದದ್ದು 1420ರ ದಶಕದಲ್ಲಿ. ಸತ್ತಾಗ ವಯಸ್ಸು ಇಪ್ಪತ್ತೇಳೂ ಇರಲಿಲ್ಲ. ಎರಡು ಶತಮಾನಕ್ಕೂ ಹೆಚ್ಚು ಕಾಲವಾದ ಮೇಲೆ ಯಾರಿಗೋ ನಾಚಿಕೆಯಾಗಿ ಬೆತ್ತಲೆಯಿದ್ದ ಇಬ್ಬರಿಗೂ ಎಲೆ ಬರೆಸಿದ್ದರು. 1771ರಲ್ಲಿ ಚರ್ಚಿಗೆ ಬೆಂಕಿ ಬಿದ್ದು ಎಲ್ಲ ಹೊಗೆ ಹಿಡಿದಿತ್ತು. 1980ರ ದಶಕದಲ್ಲಿ ತೊಳೆದಾಗ ಮಸಿಯೂ ಹೋಯಿತು, ಎಲೆಯೂ ಹೋಯಿತು. ಈವಳ ಬಾಯಿ ಬಿಟ್ಟ ಅಳು ನೋಡಿ ಬಂದ ಮೇಲೆ ನನ್ನ ನಕಲಿನ ಫೋಟೋ ಅಪ್ಪನಿಗೆ ಕಳಿಸುವ ಮನಸ್ಸಾಗಲಿಲ್ಲ.

ಫ್ಲಾರೆನ್ಸಿನ ಬೀದಿಗಳಲ್ಲಿ ತಲೆಗಿಂತ ಎತ್ತರದಲ್ಲಿ ಚಿಕ್ಕ ಕಲ್ಲಿನ ಹಲಗೆಗಳಿವೆ. 1966ರ ನವೆಂಬರ್ 4ರಂದು ಆರ್ನೋ ನದಿ ಇಲ್ಲಿಯವರೆಗೆ ಬಂದಿತ್ತು ಎಂದು. ನಮ್ಮಲ್ಲಿ 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಮುಂಬಯಿಯಲ್ಲಿ ಅಂಥ ಹಲಗೆ ಎಲ್ಲಾದರೂ ಇದ್ದರೆ ನನ್ನ ಕಣ್ಣಿಗೆ ಬಿದ್ದಿಲ್ಲ. ನೆರೆ ಇಳಿದ ಮೇಲೆ ಗೋಡೆಯೊಳಗೆ ಸೇರಿದ ನೀರು ಉಪ್ಪನ್ನು ಹೊರಕ್ಕೆ ತಳ್ಳಿ ಬಣ್ಣವನ್ನು ಎಬ್ಬಿಸುತ್ತದೆ. ಹಾಗಾಗಿ ಫ್ಲಾರೆನ್ಸಿನಲ್ಲಿ ಎಷ್ಟೋ ಫ್ರೆಸ್ಕೋಗಳನ್ನು ಗೋಡೆಯಿಂದಲೇ ಕಿತ್ತು ಉಳಿಸಬೇಕಾಯಿತು. ಟೀಚರ್ ಇದನ್ನು ಹೇಳುವಾಗಲೇ ವೆನಿಸ್ ಮಾತೂ ಬಂತು. 1508ರಲ್ಲಿ ಜಾರ್ಜೋನೆ ಮತ್ತು ಟಿಷಿಯನ್ ಎಂಬ ಚಿತ್ರಕಾರರು ಅಲ್ಲಿ ಕಾಲುವೆ ಪಕ್ಕದ ದೊಡ್ಡ ಕಟ್ಟಡದ ಹೊರಗೋಡೆಗೆ ಫ್ರೆಸ್ಕೋ ಬರೆದರಂತೆ. ಈಗ ಉಳಿದಿರುವುದು ಮ್ಯೂಸಿಯಮ್ಮಿನಲ್ಲಿಟ್ಟ ಚೂರುಗಳು. ಸಮುದ್ರದ ಗಾಳಿ, ತೇವ, ಉಪ್ಪು. ವೆನಿಸ್ಸಿನವರು ಗೋಡೆ ಬಿಟ್ಟು ಕ್ಯಾನ್ವಾಸ್ ಹಿಡಿಯಲು ಅದೂ ಒಂದು ಕಾರಣ.

"ನಿಮ್ಮಲ್ಲಿ ಹೇಗೆ?" ಎಂದು ಕೇಳಿದರು. ಅಜಂತಾ ಹೇಳಿದೆ. ಮಣ್ಣಿಗೆ ಹೊಟ್ಟು, ನಾರು ಕಲಸಿ ಬಂಡೆಗೆ ಮೆತ್ತಿ, ಮೇಲೆ ತೆಳುವಾಗಿ ಸುಣ್ಣ ಬಳಿದು, ಒಣಗಿದ ಮೇಲೆ ಬಣ್ಣ. ನಮ್ಮ ಕಾಲೇಜಿನ ಹುಡುಗರೇ 1872ರಿಂದ ಗ್ರಿಫಿತ್ಸ್ ಎಂಬ ಮೇಷ್ಟ್ರ ಜೊತೆ ಅಲ್ಲಿ ಕೂತು ನಕಲು ಮಾಡಿದ್ದು, ಆ ನಕಲುಗಳಲ್ಲಿ ಬಹಳಷ್ಟು 1885ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟದ್ದು, ಬಾದಾಮಿಯ ಮೂರನೇ ಗುಹೆಯಲ್ಲಿ ಉಳಿದಿರುವ ಬಣ್ಣದ ತುಣುಕು ಎಲ್ಲ ಹೇಳಿದೆ. ರಾಜಸ್ಥಾನದ ಶೇಖಾವಟಿಯಲ್ಲಿ ಹಸಿ ಗಾರೆಯ ಕೆಲಸ ಇದೆ, ಆದರೆ ಅದು ಒಣ ಸೀಮೆ. ಮುಂಬಯಿ ಬಗ್ಗೆ ಹೇಳಲು ಏನೂ ಹೊಳೆಯಲಿಲ್ಲ.

ಊರಿಗೆ ಬಂದಾಗ ಆಷಾಢ, ಮಳೆ ಕಡಿಯುತ್ತಿರಲಿಲ್ಲ. ಕೈ ಸುಮ್ನೆ ಇರಬೇಕಲ್ಲ! ನಮ್ಮ ಬಿಲ್ಡಿಂಗಿನ ಟೆರೇಸಿಗೆ ಹೋಗುವ ಮೆಟ್ಟಿಲಿನ ತುದಿಯಲ್ಲಿ, ಒಳಗಡೆ, ಒಂದು ಸಣ್ಣ ಗೋಡೆ ಖಾಲಿ ಇತ್ತು. ಸೊಸೈಟಿ ಸೆಕ್ರೆಟರಿ ಹ್ಞೂಂ ಅಂದರು. ಟೆರೇಸಿನ ಸೋರಿಕೆ ಮುಚ್ಚಲು ಬಂದಿದ್ದ ಮೇಸ್ತ್ರಿ ಯಾದಗಿರಿ ಕಡೆಯವರು. ಹಳೆಯ ಸಿಮೆಂಟ್ ಕೆತ್ತಿಕೊಡಿ ಎಂದಾಗ ನನ್ನ ಸುಣ್ಣದ ಬಕೆಟ್‌ಗೆ ಕೈ ಹಾಕಿ ಬೆರಳಲ್ಲಿ ತಿಕ್ಕಿ ನೋಡಿದರು.

"ಗಚ್ಚು ಮಾಡ್ತೀರೇನ್ರಿ ಅಕ್ಕಾರ? ನಮ್ಮ ಮುತ್ಯಾ ಮಾಡ್ತಿದ್ದ. ಬೆಲ್ಲದ ನೀರು ಹಾಕಿ, ಗಾಣದಾಗ ಅರದು. ನಾವೆಲ್ಲ ಸಿಮೆಂಟಿನ ಮಂದಿ."

"ನೀವು ಮಾಡಿಲ್ವಾ ಕಾಕಾ?"

"ಸಣ್ಣಾಂವ ಇದ್ದಾಗ ನೀರು ಹೊತ್ತೀನಿ, ಅಷ್ಟ. ಆದ್ರ ಮಳಿಗಾಲದಾಗ ಗಚ್ಚು ಹಿಡಿಯಂಗಿಲ್ರಿ. ದೀಪಾವಳಿ ಮುಗೀಲಿ."

ನಾನು ಕಾಯಲಿಲ್ಲ. ಗಾರೆ ಎಳೆದೆ, ಚುಕ್ಕಿ ತಟ್ಟಿದೆ, ಅದೇ ಆದಾಮನ ತಲೆ, ಕೈ ಬರೆದೆ. ಇಲ್ಲಿ ಓಟವೇ ಇಲ್ಲ. ಬೆಳಗ್ಗೆ ಹಚ್ಚಿದ್ದು ಸಂಜೆಗೂ ಹಸಿ, ಮರುದಿನವೂ ಹಸಿ. ಆರಾಮಾಗಿ ಎರಡೂ ಕೈ ಮುಗಿಸಿದೆ. ವಾರ ಕಳೆದರೂ ಮುಟ್ಟಿದರೆ ಕೆಂಪು ಬೆರಳಿಗೆ ಬರುತ್ತಿತ್ತು. ನೀರು ಆರಿ ಜಾಗ ಬಿಟ್ಟರೆ ತಾನೇ ಗಾಳಿ ಒಳಗೆ ಹೋಗುವುದು? ಆಮೇಲೆ ಕೆಳಗಿನ ಸಿಮೆಂಟಿನಿಂದ ಉಪ್ಪು ಬಿಳಿ ಹಿಟ್ಟಿನಂತೆ ಎದ್ದಿತು, ಸರಿಯಾಗಿ ಆದಾಮನ ಹಣೆಯ ಮೇಲೆ. ಟೀಚರ್‌ಗೆ ಫೋಟೋ ಕಳಿಸಿದೆ. ಬಂದ ಉತ್ತರ ಒಂದೇ ಪದ: "ವೆನಿಸ್!"

ಅಪ್ಪ ಮೆಟ್ಟಿಲು ಹತ್ತಿ ಬಂದು ನೋಡಿದರು. ಬಹಳ ಹೊತ್ತು ನೋಡಿದರು. "ಪಾಪ, ಅಳ್ತಿದ್ದಾನಾ?" ಎಂದರು. ಗೋಡೆಯ ಬಗ್ಗೆ ಏನೂ ಹೇಳಲಿಲ್ಲ.

ಮೇಸ್ತ್ರಿ ಅದನ್ನು ಕೆತ್ತಿ ತೆಗೆದಾಗಿದೆ. ನವೆಂಬರಿನಲ್ಲಿ ಊರಿಂದ ವಾಪಸ್ ಬಂದ ಮೇಲೆ ಫೋನ್ ಮಾಡುತ್ತಾರಂತೆ. ಈ ಸಲ ಸಿಮೆಂಟಿನ ಮೇಲೆ ಬೇಡ, ಮಂಗಳೂರು ಹೆಂಚಿನ ಮೇಲೆ ಮಾಡೋಣ ಎಂದಿದ್ದೇನೆ. ಹೆಂಚು ತರಿಸುವ ಕೆಲಸ ಅಪ್ಪ ವಹಿಸಿಕೊಂಡಿದ್ದಾರೆ. ಸುಣ್ಣ ಮಾತ್ರ ಬಾಲ್ಕನಿಯ ಡ್ರಮ್ಮಿನಲ್ಲಿ ನೆನೆಯುತ್ತಿದೆ. ಹಪ್ಪಳ ಒಣಗಿಸುವ ಜಾಗ ಹೋಯಿತು ಎಂದು ಅಮ್ಮನ ತಕರಾರು. ಡ್ರಮ್ಮಿನಲ್ಲಿ ಏನಿದೆ ಎಂದು ಸೆಕ್ರೆಟರಿ ಆಗಲೇ ಕೇಳಿಹೋಗಿದ್ದಾರೆ.